ಮುಂದಿನ ಆಮ್ನೆಸ್ಟಿಗೆ ಕಾಯುತ್ತ ಕೂರಬೇಡಿ

ಮಾನ್ಯ ಸಂಪಾದಕರೇ,

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ವೀಸಾ ಮುಗಿದರೂ ಉಳಿದಿರುವ ಕನ್ನಡಿಗರಲ್ಲೂ ಊರಿನಲ್ಲಿರುವ ಅವರ ಮನೆಯವರಲ್ಲೂ ‘ಮತ್ತೆ ಆಮ್ನೆಸ್ಟಿ ಬರುತ್ತದಂತೆ’ ಎಂಬ ಮಾತು ಆಗಾಗ ಹರಿದಾಡುತ್ತದೆ. ವೀಸಾ ಮೀರಿ ಉಳಿದವರ ದಂಡ ಮನ್ನಾ ಮಾಡಿ, ಸಕ್ರಮವಾಗಲು ಇಲ್ಲವೇ ಊರಿಗೆ ಮರಳಲು ಬಿಡುವ ಇಂಥ ಕ್ಷಮಾದಾನವನ್ನು ಯುಎಇ 1996, 2003, 2007, 2012–13, 2018 ಮತ್ತು 2024ರಲ್ಲಿ ಕೊಟ್ಟಿದೆ. ಒಮ್ಮೆ ನಾಲ್ಕು ವರ್ಷಕ್ಕೆ ಬಂತು, ಇನ್ನೊಮ್ಮೆ ಏಳು ವರ್ಷಕ್ಕೆ. ಕೊನೆಯದು 2024ರ ಸೆಪ್ಟೆಂಬರ್ 1ರಂದು ಶುರುವಾಯಿತು. ಅಕ್ಟೋಬರ್ 31ರ ಗಡುವನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿ ಮುಗಿಸಿದರು. ಕಾಯುತ್ತಿರುವವರ ಹೆಸರಿನಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಲೇ ಇರುತ್ತದೆ. ವರ್ಷಕ್ಕೆ 18,250 ದಿರ್ಹಮ್, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಇಲ್ಲಿ ಇಂಥವರ ಕಾಗದಪತ್ರಗಳಿಗೆ ನೆರವಾಗುವ ನಾವು ಕೆಲವು ವಿಷಯಗಳನ್ನು ತಮ್ಮ ಓದುಗರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇವೆ. ಇದನ್ನು ಊರಿನವರು ಓದಿ ಮಗನಿಗೋ ಅಣ್ಣನಿಗೋ ಫೋನಿನಲ್ಲಿ ಹೇಳಿದರೂ ಸಾಕು.

ಮೊದಲ ಕೆಲಸ ನಿಮ್ಮ ವೀಸಾ ದಾಖಲೆಯ ‘ಫೈಲ್’ ಎಲ್ಲಿದೆ ಎಂದು ನೋಡಿಕೊಳ್ಳುವುದು. ವೀಸಾ ದುಬೈನದಾದರೆ ಅದು ದುಬೈ ವಲಸೆ ಇಲಾಖೆಯ ಕೈಯಲ್ಲಿರುತ್ತದೆ. ಅದರ ಸೇವಾ ಕೇಂದ್ರವಾದ ಆಮರ್ ಸೆಂಟರ್‌ಗೆ ಹೋಗಬೇಕು. ಶಾರ್ಜಾ, ಅಜ್ಮಾನ್, ಅಬುಧಾಬಿ ಮುಂತಾದ ಉಳಿದ ಎಮಿರೇಟ್‌ಗಳದ್ದಾದರೆ ಐಸಿಪಿ ಎಂಬ ಫೆಡರಲ್ ಪ್ರಾಧಿಕಾರಕ್ಕೆ ಸೇರಿದ್ದು. ವಾಸ ದುಬೈನ ದೇರಾದಲ್ಲಿ, ವೀಸಾ ಅಜ್ಮಾನಿನದು ಎಂಬಂಥವರು ಆಮರ್ ಸಾಲಿನಲ್ಲಿ ಅರ್ಧ ದಿನ ನಿಂತು ವಾಪಸಾಗುವುದು ಮಾಮೂಲು. ಎರಡೂ ಇಲಾಖೆಗಳ ವೆಬ್‌ಸೈಟಿನಲ್ಲಿ ವೀಸಾದ ಸ್ಥಿತಿ ನೋಡಬಹುದು. ಫೋನ್ ಮಾಡುವುದಾದರೆ ಆಮರ್ 8005111, ಐಸಿಪಿ 600522222. ಮಾಹಿತಿ ಕೇಳಿದ ಮಾತ್ರಕ್ಕೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಈ ಭಯವೊಂದರಿಂದಲೇ ಎಷ್ಟೋ ಜನ ತಮ್ಮ ದಂಡ ಎಷ್ಟಾಗಿದೆ ಎಂಬುದನ್ನೂ ತಿಳಿಯದೆ ವರ್ಷಗಳನ್ನು ಕಳೆದುಬಿಡುತ್ತಾರೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲ ‘ಔಟ್‌ಪಾಸ್’ ಎಂಬ ಮಾತಿನದು. ನಮ್ಮವರು ಎರಡು ಬೇರೆ ಬೇರೆ ಕಾಗದಗಳನ್ನು ಇದೇ ಹೆಸರಿನಿಂದ ಕರೆಯುತ್ತಾರೆ. ಒಂದು, ಪಾಸ್‌ಪೋರ್ಟ್ ಇಲ್ಲದವರಿಗೆ ಭಾರತದ ಕಾನ್ಸುಲೇಟ್ ಅಥವಾ ರಾಯಭಾರ ಕಚೇರಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್. ಇನ್ನೊಂದು, ದೇಶ ಬಿಟ್ಟು ಹೋಗಲು ಯುಎಇ ಸರ್ಕಾರ ಕೊಡುವ ಎಕ್ಸಿಟ್ ಪರ್ಮಿಟ್. ಕಾನ್ಸುಲೇಟಿನ ಕಾಗದ ಕೈಗೆ ಬಂತೆಂದು ಟಿಕೆಟ್ ಮಾಡಿಸಿ ವಿಮಾನ ನಿಲ್ದಾಣಕ್ಕೆ ಹೋದರೆ ದಂಡದ ಲೆಕ್ಕ ಅಲ್ಲೇ ಎದುರಾಗುತ್ತದೆ. ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಒಂದು ಸಲ ಮರಳುವುದಕ್ಕಷ್ಟೇ. ಅದರ ಮೇಲೆ ನಿವಾಸದ ವೀಸಾ ಆಗುವುದಿಲ್ಲ. ಇಲ್ಲೇ ಉಳಿದು ಸಕ್ರಮ ಮಾಡಿಕೊಳ್ಳುವ ಇಚ್ಛೆಯಿದ್ದರೆ ಬೇಕಾದದ್ದು ಪಾಸ್‌ಪೋರ್ಟೇ. ಯಾವುದು ಬೇಕೆಂದು ಅರ್ಜಿ ಹಾಕುವ ಮೊದಲೇ ನಿರ್ಧರಿಸಿಕೊಳ್ಳಿ.

ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇದೆ ಎನ್ನುವವರು ಬಹಳ. ಕಾರ್ಮಿಕನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಯುಎಇ ಕಾನೂನಿನಲ್ಲೇ ತಪ್ಪು. ಕಾರ್ಮಿಕ ಹೇಳದೆ ಓಡಿಹೋದನೆಂಬ ‘ಆಬ್‌ಸ್ಕಾಂಡಿಂಗ್’ ದೂರನ್ನು ಮಾಲೀಕ ಕೊಡುವಾಗ ಅದನ್ನು ವಲಸೆ ಇಲಾಖೆಗೆ ಒಪ್ಪಿಸಿರುವುದೂ ಉಂಟು. ಆದ್ದರಿಂದ ಕಳೆದಿದೆಯೆಂದು ಬರೆದುಕೊಡುವ ಮೊದಲು ಅಲ್ಲಿ ವಿಚಾರಿಸಿ. ನಿಜಕ್ಕೂ ಕಳೆದಿದ್ದರೆ ಪೊಲೀಸ್ ವರದಿ ಮಾಡಿಸಿ ಹೊಸದಕ್ಕೆ ಅರ್ಜಿ ಹಾಕಬೇಕು. ಊರಿನಲ್ಲಿ ಅಮ್ಮನ ಕಪಾಟಿನಲ್ಲಿರುವ ಹಳೆಯ ಪಾಸ್‌ಪೋರ್ಟಿನ ಝೆರಾಕ್ಸ್ ಬೆಲೆ ಗೊತ್ತಾಗುವುದು ಆಗಲೇ. ಹಳೆಯ ಸಂಖ್ಯೆಯೂ ಇಲ್ಲದಿದ್ದರೆ ಇವನು ಭಾರತೀಯನೇ ಎಂದು ಊರಿನಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ಶಾಲೆಯ ಟಿಸಿಯಲ್ಲಿ ‘ಕೆ. ರಾಮಪ್ಪ’, ಆಧಾರ್‌ನಲ್ಲಿ ‘ರಾಮಪ್ಪ ಕರಿಯಪ್ಪ’ ಎಂದಿದ್ದರಂತೂ ಅಫಿಡವಿಟ್ಟಿಗೆ ಇನ್ನಷ್ಟು ಓಡಾಟ. 2024ರಲ್ಲಿ ಮೊದಲು ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದಿತ್ತು, ಆಮೇಲೆ ಅದನ್ನು ಒಂದು ತಿಂಗಳಿಗೆ ಇಳಿಸಿದರು. ಪ್ರತಿ ಸಲವೂ ಅಂಥ ಸಡಿಲಿಕೆ ಸಿಗುತ್ತದೆಂದು ನಂಬಿ ಕೂರಲಾಗದು.

ಆಬ್‌ಸ್ಕಾಂಡಿಂಗ್ ದೂರಿನ ವಿಷಯ ಬಿಡಿಸಿ ಹೇಳಬೇಕು. ಕಾರ್ಮಿಕ ಸತತ ಏಳು ದಿನಕ್ಕಿಂತ ಹೆಚ್ಚು ಗೈರಾಗಿ, ಎಲ್ಲಿದ್ದಾನೆಂದು ಮಾಲೀಕನಿಗೆ ತಿಳಿಯದಿದ್ದರೆ ಅವನು ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಅದು ದಾಖಲಾದರೆ ಒಂದು ವರ್ಷ ಹೊಸ ಕೆಲಸದ ಪರ್ಮಿಟ್ ಸಿಗುವುದಿಲ್ಲ. ತೆಗೆಸಲು ಇರುವುದು ಎರಡು ದಾರಿ: ಮಾಲೀಕನೇ ಹಿಂತೆಗೆದುಕೊಳ್ಳಬೇಕು, ಇಲ್ಲವೇ ದೂರು ಸುಳ್ಳೆಂದು ಕಾರ್ಮಿಕ ಸಚಿವಾಲಯದ ಮುಂದೆ ತೋರಿಸಬೇಕು. ತೋರಿಸುವುದಕ್ಕೆ ಸಂಬಳ ಜಮೆಯಾಗದ ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆಯ ಚೀಟಿ, ರಜೆ ಕೊಟ್ಟ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ನೆರವಿಗೆ ಬರುತ್ತವೆ. ಸಂಬಳ ಬರುತ್ತಿಲ್ಲವೆಂದು ಕೆಲಸ ಬಿಡುವವರು ಬಿಡುವ ಮೊದಲೇ ಆ ಸಚಿವಾಲಯದ 600590000ಕ್ಕೆ ಕರೆ ಮಾಡಿ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಹೇಳದೆ ರಾತ್ರೋರಾತ್ರಿ ಕ್ಯಾಂಪ್ ಬಿಟ್ಟವರ ಕೇಸು ಬಹಳ ದುರ್ಬಲವಾಗುತ್ತದೆ, ಅನ್ಯಾಯ ಆದದ್ದು ಅವರಿಗೇ ಆಗಿದ್ದರೂ.

ಇಂಥ ತೊಡಕು ಕಳೆದು ಸಕ್ರಮಕ್ಕೆ ಹಾದಿ ತೆರೆದ ಮೇಲಿನ ಕ್ರಮ ಸರಳ. ಹೊಸ ಮಾಲೀಕನಿಂದ ಸಚಿವಾಲಯದ ನಮೂನೆಯಲ್ಲಿ ಆಫರ್ ಲೆಟರ್, ಕೆಲಸದ ಪರ್ಮಿಟ್, ದಂಡ ಕಟ್ಟಿ ಅಥವಾ ಕಡಿತಕ್ಕೆ ಅರ್ಜಿ ಹಾಕಿ ವೀಸಾದ ಸ್ಟೇಟಸ್ ಬದಲಾವಣೆ, ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ, ವಿಮೆ, ಎಮಿರೇಟ್ಸ್ ಐಡಿಗೆ ಬೆರಳಚ್ಚು. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವ ಪದ್ಧತಿ 2022ರಲ್ಲಿ ನಿಂತಿತು. ಈಗ ಐಡಿ ಕಾರ್ಡೇ ನಿವಾಸದ ದಾಖಲೆ. ಕಾರ್ಮಿಕನ ನೇಮಕಾತಿಯ, ವೀಸಾದ ಖರ್ಚನ್ನು ಮಾಲೀಕನೇ ಭರಿಸಬೇಕೆಂದು ಕಾನೂನಿದೆ. ಎಲ್ಲಿ ಬೇಕಾದರೂ ದುಡಿಯಬಹುದೆಂಬ ‘ಫ್ರೀ ವೀಸಾ’ ಕೊಡಿಸುತ್ತೇನೆಂದು ಸಾವಿರಗಟ್ಟಲೆ ದಿರ್ಹಮ್ ಕೇಳುವವನು ಯಾವುದೋ ಮುಚ್ಚಿದ ಅಂಗಡಿಯ ಲೈಸೆನ್ಸಿನ ಮೇಲೆ ನಿಮ್ಮ ಹೆಸರು ಕೂರಿಸುತ್ತಾನೆ. ಆ ಕಂಪನಿ ಬ್ಲಾಕ್ ಆದ ದಿನ ನೀವು ಮತ್ತೆ ಮೊದಲಿನ ಜಾಗದಲ್ಲೇ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 2024ರಿಂದ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್ ಆಗಿದೆ. ಹಾಗಾಗಿ ಕದ್ದುಮುಚ್ಚಿ ಸಿಗುತ್ತಿದ್ದ ದಿನಗೂಲಿಯನ್ನೂ ಇನ್ನು ನೆಚ್ಚಿಕೊಳ್ಳುವಂತಿಲ್ಲ.

ಬ್ಯಾಂಕ್ ಸಾಲ, ಪೊಲೀಸ್ ಕೇಸು, ನ್ಯಾಯಾಲಯದ ಪ್ರಯಾಣ ನಿಷೇಧ ಇವು ವೀಸಾ ದಂಡದಿಂದ ಬೇರೆ; ಬೇರೆಯಾಗಿಯೇ ಇತ್ಯರ್ಥವಾಗಬೇಕು.

ನಮ್ಮನ್ನು ಅತಿ ಹೆಚ್ಚು ಕಾಡುವುದು ಮಕ್ಕಳ ಸ್ಥಿತಿ. ಇಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ವೀಸಾ ಆಗಬೇಕು. ತಂದೆತಾಯಿಗೇ ವೀಸಾ ಇಲ್ಲದಿದ್ದರೆ ಮಗುವಿಗೂ ಇಲ್ಲ. ಆಮೇಲೆ ಶಾಲೆಯೂ ಇಲ್ಲ. ವೀಸಾ ಆಗದಿದ್ದರೂ ಭಾರತದ ಮಟ್ಟಿಗಿನ ಕೆಲಸವನ್ನು ನಿಲ್ಲಿಸಬಾರದು. ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಕಾನ್ಸುಲೇಟಿನಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು, ಆ ಅವಧಿ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಆಸ್ಪತ್ರೆಯ ಜನನ ಸೂಚನೆಯ ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ.

ಸಮಸ್ಯೆಯ ಬೇರು ಊರಿನಲ್ಲೇ ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಮುನ್ನ ಅನುಮತಿ ಬೇಕಾದ ವರ್ಗದ್ದು. ಅವರು ಕೆಲಸಕ್ಕೆ ಯುಎಇಗೆ ಬರಬೇಕಾದರೆ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಇದನ್ನು ತಪ್ಪಿಸಲು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ, ‘ಅಲ್ಲಿ ಹೋದಮೇಲೆ ಬದಲಾಯಿಸಿಕೊಡುತ್ತೇವೆ’ ಎನ್ನುತ್ತಾರೆ. 30 ಅಥವಾ 60 ದಿನ ಮುಗಿಯುವ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್. ಇನ್ನೊಂದು ಮಾತು: 2022ರ ನವೆಂಬರಿನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಯುಎಇ ವಿಸಿಟ್ ವೀಸಾ ಕೊಡುತ್ತಿಲ್ಲ. ಉತ್ತರ ಕರ್ನಾಟಕದ, ಬಯಲುಸೀಮೆಯ ಅನೇಕರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ನೋಡಿಕೊಳ್ಳಿ.

ರಾಜ್ಯ ಸರ್ಕಾರಕ್ಕೂ ನಮ್ಮದೊಂದು ಒತ್ತಾಯವಿದೆ. ಯುಎಇ ಸಚಿವಾಲಯದ ಆಫರ್ ಲೆಟರ್ ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ, ನೇಪಾಳಿ, ಸಿಂಹಳದಂಥ ಭಾಷೆಗಳಲ್ಲಿ ಸಿಗುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸುವಂತೆ ರಾಜ್ಯವು ವಿದೇಶಾಂಗ ಸಚಿವಾಲಯದ ಮೂಲಕ ಕೇಳಬೇಕು. ಅದಾಗುವವರೆಗೆ ಕನಿಷ್ಠ ಆ ನಮೂನೆಯ ಕನ್ನಡ ಅನುವಾದವನ್ನು ಅನಿವಾಸಿ ಭಾರತೀಯ ಸಮಿತಿಯ ಮೂಲಕ ಎಲ್ಲ ಜಿಲ್ಲಾಧಿಕಾರಿ ಕಚೇರಿಗಳಲ್ಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಹೊರಗೆ ಹಂಚಲಿ. ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಕರಾವಳಿಯ, ಕಲ್ಯಾಣ ಕರ್ನಾಟಕದ ಕಾರ್ಮಿಕರಿಗೂ ಅಂಥದ್ದೊಂದು ಬಾಗಿಲು ಬೇಕು.

ಈಗಾಗಲೇ ಸಿಕ್ಕಿಕೊಂಡಿರುವವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ಸಂಖ್ಯೆ 80046342ಕ್ಕೆ ಯುಎಇಯಿಂದ ಕರೆ ಮಾಡಬಹುದು. ಮಾಡುವಾಗ ಪಾಸ್‌ಪೋರ್ಟ್ ಸಂಖ್ಯೆ, ವೀಸಾದ ಫೈಲ್ ಸಂಖ್ಯೆ, ಕೊನೆಯ ಸಲ ಯುಎಇಗೆ ಬಂದ ದಿನಾಂಕ ಈ ಮೂರನ್ನೂ ಕೈಯಲ್ಲಿಟ್ಟುಕೊಳ್ಳಿ.

ಗಲ್ಫ್ ಕಾರ್ಮಿಕರ ದಾಖಲೆಪತ್ರಗಳಿಗೆ ನೆರವಾಗುವ ಕೆಲವು ಕನ್ನಡಿಗರು,
ದುಬೈ