ಅಪ್ಪಾಜಿಗೆ ನನ್ನ ಕೆಲಸದ ಕುರಿತು

ಸ್ಟುಟ್‌ಗಾರ್ಟ್, ಭಾನುವಾರ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಬಾಗಲಕೋಟೆಯಲ್ಲಿ ನೀವು, ಅವ್ವ, ಅಣ್ಣ ಎಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಹೋದ ವಾರ ಫೋನಿನಲ್ಲಿ ನೀವು, "ಕೈಗೆ ಎಣ್ಣಿ ಹತ್ತಲಾರದ ಕೆಲಸ ಎಂಥಾದ್ದವ್ವಾ ಅದು?" ಎಂದು ಕೇಳಿದಿರಿ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮನೆಗಳ ನಳದ ನೀರನ್ನು ಅಳೆಯುವ ಮೀಟರಿನೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡು ಇರುತ್ತದೆ. ಅದರ ಮೇಲಿನ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು, ಬರೆದದ್ದು ನಿಜವಾದ ಬೋರ್ಡಿನ ಮೇಲೆ ಸರಿಯಾಗಿ ನಡೆಯುವಂತೆ ಮಾಡುವುದು ನನ್ನ ಕೆಲಸ. ಮೋಟಾರ್ ರಿವೈಂಡಿಂಗ್ ಮಾಡುವ ನಿಮ್ಮ ಅಂಗಡಿಗೆ ಬರುವ ಐದು ಎಚ್‌ಪಿ ಪಂಪು ಏಳೆಂಟು ಆಂಪಿಯರ್ ಎಳೆಯುತ್ತದೆ. ನನ್ನ ಬೋರ್ಡಿಗಾದರೆ 2,400 ಮಿಲಿ ಆಂಪಿಯರ್-ಗಂಟೆಯ ಒಂದೇ ಬ್ಯಾಟರಿ, ಅದು ಹತ್ತು ವರ್ಷ, ಅಂದರೆ 87,600 ಗಂಟೆ ಬಾಳಬೇಕು. ಭಾಗಿಸಿ ನೋಡಿದರೆ ಸರಾಸರಿ 27 ಮೈಕ್ರೋ ಆಂಪಿಯರಿಗಿಂತ, ಅಂದರೆ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ 27 ಪಾಲಿಗಿಂತ, ಹೆಚ್ಚು ಖರ್ಚು ಮಾಡುವಂತಿಲ್ಲ. ಆದ್ದರಿಂದ ಚಿಪ್ಪು ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ; ಕ್ಷಣಕಾಲ ಎದ್ದು, ಲೆಕ್ಕ ಹಾಕಿ, ಮತ್ತೆ ಮಲಗುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳು. ಆ ಸಂಖ್ಯೆಯನ್ನು ಅರ್ಧ ಅರ್ಧ ಮಾಡುತ್ತ ಹೋದರೆ ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು, ಅಂದರೆ ಸೆಕೆಂಡಿಗೆ ಒಂದು ಮಿಡಿತ, ಉಳಿಯುತ್ತದೆ. ಕೈಗಡಿಯಾರಗಳಲ್ಲಿ ಇರುವುದೂ ಇದೇ.

ಕಳೆದ ತಿಂಗಳು ಮೂರು ಬೋರ್ಡುಗಳಲ್ಲಿ, ಪರೀಕ್ಷೆಗೆಂದು ತೇವದ ಪೆಟ್ಟಿಗೆಯಲ್ಲಿ ಇಟ್ಟಾಗ ಮಾತ್ರ, ಈ ಹರಳು ನಿಂತುಹೋಗುತ್ತಿತ್ತು. ತಪ್ಪು ನನ್ನ ಪ್ರೋಗ್ರಾಮಿನಲ್ಲಿಯೇ ಇರಬೇಕೆಂದು ನಾಲ್ಕು ದಿನ ಸಾಲು ಸಾಲಾಗಿ ಓದಿದೆ. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಮೊನೆಯನ್ನು, ಅಂದರೆ ಪ್ರೋಬನ್ನು, ಹರಳಿನ ಕಾಲಿಗೆ ತಾಗಿಸಿದರೆ ಸರಿಯಿದ್ದ ಬೋರ್ಡೂ ನಿಲ್ಲುತ್ತಿತ್ತು, ಏಕೆಂದರೆ ಹರಳಿನ ಪಕ್ಕದ ಪುಟ್ಟ ಕೆಪಾಸಿಟರಿಗೆ ಇರುವಷ್ಟೇ, ಹೆಚ್ಚುಕಡಿಮೆ ಹತ್ತು ಪಿಕೋಫ್ಯಾರಡ್‌ನಷ್ಟು, ಕೆಪಾಸಿಟನ್ಸ್ ಪ್ರೋಬಿಗೂ ಇದ್ದು, ಆ ಹೆಚ್ಚಿನ ಹೊರೆಯಲ್ಲಿ ಹರಳು ಕಂಪಿಸಲಾರದು. ಕೊನೆಗೆ ಹರಳನ್ನು ಮುಟ್ಟದೆ, ಅದರ ಮಿಡಿತವನ್ನು ಚಿಪ್ಪಿನ ಬೇರೊಂದು ಕಾಲಿಗೆ ಕಳಿಸಿ ಅಲ್ಲಿ ನೋಡಿದೆ. ಆಮೇಲೆ ಭೂತಗನ್ನಡಿಯ ಕೆಳಗೆ ಹಿಡಿದಾಗ ಹರಳಿನ ಎರಡು ಕಾಲುಗಳ ನಡುವೆ ತೆಳ್ಳಗಿನ ಹಳದಿ ಪೊರೆ ಕಂಡಿತು. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಅಂಟನ್ನು ಸರಿಯಾಗಿ ತೊಳೆದಿರಲಿಲ್ಲ; ಅದು ತೇವ ಹೀರಿಕೊಂಡು ಅತಿ ಸಣ್ಣ ಕರೆಂಟನ್ನು ಸೋರಲು ಬಿಡುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿದೆ. ಮೂರೂ ಬೋರ್ಡುಗಳು ನಡೆದವು. ಸುತ್ತಿದ ತಂತಿಯ ನಿರೋಧ ಅಳೆಯುವ ಮೆಗ್ಗರಿನ ಮುಳ್ಳು ಕಡಿಮೆ ತೋರಿಸಿದಾಗ ನೀವು ಮೋಟಾರಿನ ಸ್ಟೇಟರಿನೊಳಗೆ ಬಲ್ಬು ಉರಿಸಿಟ್ಟು, ಅವಸರ ಮಾಡುವ ರೈತನನ್ನು ಕೂರಿಸಿ, ಒಣಗುವ ತನಕ ಕಾಯುತ್ತಿದ್ದದ್ದು ಆ ದಿನವೆಲ್ಲ ಕಣ್ಣ ಮುಂದಿತ್ತು.

ರಜೆಯ ದಿನಗಳಲ್ಲಿ ಗಾಜಿನ ಕೊಳವೆಗಳಿಂದ ನಡೆಯುವ ಹಳೆಯ ವಾಲ್ವ್ ರೇಡಿಯೋಗಳನ್ನು ರಿಪೇರಿ ಮಾಡುತ್ತೇನೆ. ಸಂತೆಯಲ್ಲಿ ಕೊಂಡು ಈಗ ರಿಪೇರಿ ಮಾಡುತ್ತಿರುವ ರೇಡಿಯೋದಲ್ಲಿ ಕಾಗದದ ಕೆಪಾಸಿಟರುಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಜರ್ಮನಿಯ ರಾಷ್ಟ್ರೀಯ ರೇಡಿಯೋ ವಾಹಿನಿಯ ಮಧ್ಯಮ ತರಂಗ ಪ್ರಸಾರ 2015ರ ಕೊನೆಯ ದಿನಕ್ಕೆ ನಿಂತಿತು. ಆದರೂ ಹೊತ್ತು ಮುಳುಗಿದ ಮೇಲೆ, ಹಗಲು ಅಲೆಗಳನ್ನು ಹೀರಿಕೊಳ್ಳುವ ಆಕಾಶದ ಕೆಳಪದರ ಕರಗಿದಾಗ, ದೂರದ ದೇಶಗಳ ನಿಲಯಗಳು ಸಿಗುತ್ತವೆ. ಧಾರವಾಡ ಆಕಾಶವಾಣಿ ಸಿಗುವಷ್ಟು ಹತ್ತಿರ ನಾನಿಲ್ಲ ಎಂಬುದೊಂದೇ ಕೊರತೆ.

ಈಗ ಆ ರೇಡಿಯೋದಲ್ಲಿ ಸ್ಪೀಕರಿಗೆ ಸದ್ದು ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅದಕ್ಕೆ ನಿಮ್ಮ ಸಹಾಯ ಬೇಕು. ಸುತ್ತುಗಳನ್ನು ಎಣಿಸುತ್ತ ಬಿಚ್ಚುತ್ತಿದ್ದೇನೆ. ತಂತಿ ತಲೆಗೂದಲಿನಷ್ಟು ಸಣ್ಣದು, ಎರಡು ಸಲ ಹರಿಯಿತು. ಇಷ್ಟು ಸಣ್ಣ ತಂತಿಯನ್ನು ಮರಳಿ ಸುತ್ತುವಾಗ ಬೆರಳಿನಲ್ಲಿ ಬಿಗಿ ಎಷ್ಟಿರಬೇಕು, ಎಷ್ಟು ಪದರಕ್ಕೊಮ್ಮೆ ಕಾಗದ ಹಾಕಬೇಕು, ದಯವಿಟ್ಟು ಬರೆದು ತಿಳಿಸಿರಿ. ಹಳೆ ಊರಿಗೆ ಆಲಮಟ್ಟಿಯ ಹಿನ್ನೀರು ಬಂದು ಅಂಗಡಿ ನವನಗರಕ್ಕೆ ಹೋದಾಗ ನೀವು ಎಲ್ಲಕ್ಕಿಂತ ಮೊದಲು ಸಾಗಿಸಿದ ಆ ಕೈಯಿಂದ ತಿರುಗಿಸುವ ವೈಂಡಿಂಗ್ ಯಂತ್ರದ ಫೋಟೋವನ್ನು, ಎಣಿಕೆಯ ಹಲ್ಲುಚಕ್ರ ಕಾಣುವಂತೆ, ಅಣ್ಣನಿಂದ ತೆಗೆಸಿ ಕಳಿಸಿರಿ. ಅಂಥದೊಂದನ್ನು ಇಲ್ಲಿ ಮಾಡಿಕೊಳ್ಳುತ್ತೇನೆ.

ಅವ್ವನಿಗೆ ನಮಸ್ಕಾರಗಳು.

ನಿಮ್ಮ ಪ್ರೀತಿಯ ಮಗಳು