ಅಂತರ್ಜಲದ ಜಮಾ-ಖರ್ಚನ್ನು ಊರಿನ ಮುಂದಿಡಿ

ಮಾನ್ಯ ಸಂಪಾದಕರೇ,

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬೇಸಿಗೆ ಬಂತೆಂದರೆ ರಾತ್ರಿಯೆಲ್ಲ ಕೊಳವೆಬಾವಿ ಕೊರೆಯುವ ರಿಗ್ ಲಾರಿಗಳ ಸದ್ದು ಕೇಳುವುದು ವಾಡಿಕೆಯಾಗಿಬಿಟ್ಟಿದೆ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ತಂದೆಯವರು ತೋಡಿಸಿದ ತೆರೆದ ಬಾವಿಯ ಆಳ 40 ಅಡಿ. ಅದಕ್ಕೆ ಕಪಿಲೆ (ಎತ್ತುಗಳಿಂದ ನೀರೆತ್ತುವ ಏರ್ಪಾಡು) ಹೂಡಿ ಪೈರಿಗೆ ನೀರು ಹಾಯಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನಾನೇ ಕಂಡಿದ್ದೇನೆ. ನಾನು ಕೊರೆಸಿದ ಮೊದಲ ಕೊಳವೆಬಾವಿ 280 ಅಡಿಗೆ ಎರಡು ಇಂಚು ನೀರು ಕೊಟ್ಟಿತು, ಎರಡನೆಯದು 700 ಅಡಿಗೆ ಒಂದು ಇಂಚು ಕೊಟ್ಟಿತು, ಮೂರನೆಯದು 1,250 ಅಡಿಗೆ ಹೋಗಿಯೂ ಬರೀ ಬಿಳಿ ದೂಳನ್ನು ಉಗುಳಿತು. ಈ ಸೀಮೆಯ ಯಾವ ರೈತರನ್ನು ಕೇಳಿದರೂ ಅಂಕಿಗಳು ತುಸು ಆಚೀಚೆ ಆದಾವೇ ಹೊರತು ಕಥೆ ಬೇರೆಯಾಗದು.

ನಮ್ಮ ಕಾಲಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ. ಮೇಲುಗಡೆ ಶಿಥಿಲಗೊಂಡ ಕಲ್ಲಿನ ಪದರವೊಂದಿದ್ದು, ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚಾಗಿ ಇರುವುದು ಅದಕ್ಕೇ. ಹಿಂದಿನವರ ತೆರೆದ ಬಾವಿಗಳು ನಡೆದದ್ದೂ ಆ ಪದರದ ನೀರಿನಿಂದಲೇ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಷ್ಟೇ ನೀರು ಸಿಗುತ್ತದೆ, ಆಳಕ್ಕಿಳಿದಂತೆ ಆ ಬಿರುಕುಗಳೂ ವಿರಳವಾಗುತ್ತವೆ, ಒಂದು ಬಿರುಕಿಗೂ ಇನ್ನೊಂದಕ್ಕೂ ಸಂಪರ್ಕವಿರುತ್ತದೆಂಬ ಖಾತರಿಯೂ ಇಲ್ಲ. ಪಾತಾಳದಲ್ಲಿ ಹೊಳೆಯೇ ಹರಿಯುತ್ತಿದೆಯೆಂದು ನಂಬಿ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡವರು ತೋರಿಸಿದ ಪಾಯಿಂಟಿಗೆ ಸಾಲ ಮಾಡಿ ಹಣ ಸುರಿದವರಲ್ಲಿ ನಾನೂ ಒಬ್ಬ. ಇಷ್ಟು ಆಳದಲ್ಲಿ ಬಹುಕಾಲ ಕಲ್ಲಿನೊಡನೆ ನಿಂತ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ನಮ್ಮ ಎಷ್ಟೋ ಊರುಗಳ ಕೊಳವೆಬಾವಿಗಳು ದಾಟಿರುವುದರಿಂದಲೇ ಹಳ್ಳಿ ಹಳ್ಳಿಯಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲಬೇಕಾಗಿದೆ.

ಈಗ ಸ್ವಲ್ಪ ಲೆಕ್ಕಕ್ಕೆ ಬರುತ್ತೇನೆ. ನಮ್ಮಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸಿನಲ್ಲಿ ಮಳೆಯಾಗುತ್ತದೆ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಅಂದರೆ ಎಕರೆಗೆ ವರ್ಷಕ್ಕೆ 28 ಲಕ್ಷ ಲೀಟರ್. ಕೇಳುವುದಕ್ಕೆ ಬಹಳವೆನಿಸುತ್ತದೆ. ಆದರೆ ಇದರಲ್ಲಿ ಬಹುಪಾಲು ಆವಿಯಾಗಿ ಹೋಗುತ್ತದೆ ಇಲ್ಲವೇ ಹರಿದು ಹೋಗುತ್ತದೆ, ನಮ್ಮಂತಹ ಶಿಲಾಪ್ರದೇಶದಲ್ಲಿ ನೆಲದೊಳಕ್ಕೆ ಇಂಗುವುದು ಶೇ 5ರಿಂದ 12ರಷ್ಟು ಮಾತ್ರವೆಂದು ಅಂತರ್ಜಲ ಅಂದಾಜಿನ ಮಾನದಂಡಗಳು ಹೇಳುತ್ತವೆ. ಧಾರಾಳವಾಗಿ ಶೇ 10 ಎಂದಿಟ್ಟುಕೊಂಡರೂ ಎಕರೆಗೆ 2.8 ಲಕ್ಷ ಲೀಟರ್. ಅತ್ತ ಟೊಮೆಟೊ ಬೆಳೆಗೆ 400ರಿಂದ 600 ಮಿ.ಮೀ. ನೀರು ಬೇಕು, ಕನಿಷ್ಠವನ್ನೇ ಹಿಡಿದರೂ ಎಕರೆಗೆ 16 ಲಕ್ಷ ಲೀಟರ್. ಕೊಳವೆಬಾವಿಯನ್ನೇ ನಂಬಿ ಬೇಸಿಗೆಯಲ್ಲಿ ಒಂದು ಎಕರೆ ಟೊಮೆಟೊ ಬೆಳೆದವರು ಸುಮಾರು ಆರು ಎಕರೆಯಲ್ಲಿ ಇಡೀ ವರ್ಷ ಇಂಗಿದ ನೀರನ್ನು ಒಂದೇ ಬೆಳೆಗೆ ಎತ್ತಿದಂತಾಯಿತು. ಊರಿನ ಎಲ್ಲರೂ ಹೀಗೆ ಮಾಡಿದರೆ ಉಳಿದ ಐದು ಎಕರೆ ಯಾರದು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಕೆರೆಯ ನೀರಿನ ವಿಚಾರದಲ್ಲಿ ಈ ಪ್ರಶ್ನೆಗೆ ನಮ್ಮ ಹಿರಿಯರ ಬಳಿ ಉತ್ತರವಿತ್ತು. ಕೆರೆಯಲ್ಲಿ ಎಷ್ಟು ನೀರಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತೂಬು ಎತ್ತುವ ಅಧಿಕಾರ ನೀರುಗಂಟಿಯ ಕೈಯಲ್ಲಿತ್ತು. ನೀರು ಕಡಿಮೆಯಿದ್ದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಭತ್ತ, ಎಷ್ಟಕ್ಕೆ ರಾಗಿ ಎಂಬುದನ್ನು ಊರೇ ಕೂತು ತೀರ್ಮಾನಿಸುತ್ತಿತ್ತು. (ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳು ಇತ್ತೆಂಬುದನ್ನು ಮರೆತು ಹೊಗಳಲು ನಾನು ಸಿದ್ಧನಿಲ್ಲ.) ಅಂತರ್ಜಲವಾದರೋ ಕಣ್ಣಿಗೆ ಕಾಣದು. ಮೇಲಾಗಿ, ಜಮೀನಿನ ಅಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ಜಮೀನಿನ ಒಡೆಯನದೆಂಬ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಕಲ್ಪನೆ ಇಂದಿಗೂ ನಮ್ಮ ತಲೆಯಲ್ಲಿ ಭದ್ರವಾಗಿ ಕೂತಿದೆ. ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆಯಿದೆ, ಆ ಕಾಯ್ದೆಯಡಿ ಸರ್ಕಾರ ಹೆಸರಿಸಿದ (ಅಧಿಸೂಚಿತ) ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಕಡ್ಡಾಯವೂ ಆಗಿದೆ. ಆದರೆ ಊರಿನಲ್ಲಿ ನೀರು ಎಷ್ಟು ಉಳಿದಿದೆಯೆಂಬುದೇ ಊರಿಗೆ ತಿಳಿಯದಿರುವಾಗ ಅನುಮತಿ ಪತ್ರವೆಂಬುದು ಕಚೇರಿಯ ಒಂದು ಕಾಗದವಾಗಿಯೇ ಉಳಿಯುತ್ತದೆ.

2021ರ ನವೆಂಬರಿನಲ್ಲಿ ಸುರಿದ ಮಳೆಗೆ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ನಮ್ಮೂರಿನಲ್ಲಿ ಕೋಡಿಗೆ ಪೂಜೆ ಮಾಡಿದೆವು, ಬಾಗಿನ ಅರ್ಪಿಸಿದೆವು. ಬತ್ತಿದ್ದ ಕೆಲವು ಕೊಳವೆಬಾವಿಗಳಲ್ಲಿ ನೀರು ಮರಳಿ ಬಂತು. ಮರಳಿ ಬಂದ ನೀರನ್ನು ನೆಚ್ಚಿಕೊಂಡು ಮರುವರ್ಷವೇ ಹೊಸ ಪಂಪುಗಳು ಇಳಿದವು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದಕ್ಕೆ ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ನನ್ನ ದೃಷ್ಟಿಯಲ್ಲಿ ನ್ಯಾಯವಾದುದೇ, ಆದರೆ ಅದು ಬೇರೆಯೇ ಪತ್ರದ ವಿಷಯ. ನೀರು ಎಲ್ಲಿಂದಲೇ ಬರಲಿ, ಖರ್ಚಿನ ಲೆಕ್ಕವಿಲ್ಲದೆ ಜಮೆಯನ್ನಷ್ಟೇ ಹೆಚ್ಚಿಸುತ್ತಾ ಹೋದರೆ ಕೊಳವೆಬಾವಿಗಳು ಇನ್ನೂ ಆಳಕ್ಕೆ ಇಳಿಯುತ್ತವೆ, ಅಷ್ಟೇ.

ಆದ್ದರಿಂದ ನನ್ನ ವಿನಂತಿ ಇದು. ಪ್ರತಿ ಗ್ರಾಮ ಪಂಚಾಯಿತಿಯೂ ಮುಂಗಾರು ಮತ್ತು ಹಿಂಗಾರು ಮುಗಿದ ಮೇಲೆ ಊರಿನ ನೀರಿನ ಜಮಾ-ಖರ್ಚನ್ನು ಬಹಿರಂಗವಾಗಿ ಬರೆದು ಹಾಕಲಿ. ಜಮೆಯ ಅಂಕಿ ಸಿಗುವುದು ಕಷ್ಟವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಖರ್ಚಿನ ಅಂಕಿಗೆ ಕೊಳವೆಬಾವಿಗಳ ಎಣಿಕೆ ಬೇಕು, ಪಂಪಿಗೊಂದು ಮೀಟರ್ ಬೇಕು. ಮೀಟರ್ ಎಂದೊಡನೆ ಉಚಿತ ವಿದ್ಯುತ್ತಿಗೆ ಕತ್ತರಿ ಬೀಳುತ್ತದೆಂದು ನಮ್ಮ ರೈತರು ಹೆದರುವುದು ಸಹಜ. ಹಣ ವಸೂಲಿಗೆ ಇದನ್ನು ಬಳಸುವುದಿಲ್ಲವೆಂದು ಸರ್ಕಾರ ಲಿಖಿತವಾಗಿ ಭರವಸೆ ಕೊಡಬೇಕು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ 2019ರ ಕೊನೆಯಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ಗ್ರಾಮಮಟ್ಟದ ನೀರಿನ ಬಜೆಟ್ ತಯಾರಿಸುವ ಕ್ರಮವಿತ್ತು. ಅದನ್ನು ಮುಂದುವರಿಸಲು ಹೊಸ ಕಾನೂನು ಬೇಕಿಲ್ಲ.

ನಮ್ಮ ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಉದ್ಯೋಗ ಖಾತರಿ ಕಾಮಗಾರಿಗಳ ವೆಚ್ಚವನ್ನು ಬಣ್ಣದಲ್ಲಿ ಬರೆಸಿದ್ದಾರೆ. ಅದರ ಪಕ್ಕದಲ್ಲಿ ಇನ್ನೂ ಸಾಕಷ್ಟು ಜಾಗವಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ನಾನೇ ಎತ್ತುವವನಿದ್ದೇನೆ. ಬೇರೆ ಊರುಗಳವರೂ ತಮ್ಮ ಸಭೆಗಳಲ್ಲಿ ಕೇಳಲಿ ಎಂಬ ಆಸೆಯಿಂದ ಈ ಪತ್ರ ಬರೆದಿದ್ದೇನೆ.

ಇಂತಿ,
ಒಬ್ಬ ರೈತ, ಶ್ರೀನಿವಾಸಪುರ ತಾಲ್ಲೂಕು