ಭಾನುವಾರ ಗಿಟ್ ಕಲಿಯೋಣ

ಬೆಳಗಾವಿ ಗೆಳೆಯರೇ, ಕೋಡ್‌ನಲ್ಲಾಗುವ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಕಲಿಯಲು ಈ ಭಾನುವಾರ ಬೆಳಿಗ್ಗೆ 10ಕ್ಕೆ ಟಿಳಕವಾಡಿಯಲ್ಲಿ ಸೇರೋಣ. ಕೋಡ್ ಬರೆಯದ ಪ್ರಾಡಕ್ಟ್ ಮ್ಯಾನೇಜರ್‌ಗಳಿಗಾಗಿಯೇ ಇಟ್ಟಿದ್ದೇವೆ, ಹೆದರಬೇಡಿ.

ರವಿವಾರ ಪೇಟೆ ಅಂಗಡಿಗಳ ಕಿರ್ದಿ ನೋಡಿದ್ದೀರಲ್ವಾ? ಗಿಟ್‌ನಲ್ಲಿ ಬದಲಾವಣೆಯನ್ನು ದಾಖಲಿಸುವ ಕಮಿಟ್ ಕೂಡ ಅದರಲ್ಲಿನ ಒಂದು ನಮೂದಿನ ಹಾಗೇ. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಅದರಲ್ಲಿರುತ್ತದೆ. ತಪ್ಪಾದರೆ ಹಳೆಯದನ್ನು ಅಳಿಸಬೇಕಿಲ್ಲ. ಅದನ್ನು ಹಿಂದಕ್ಕೆ ತಿರುಗಿಸುವ ಹೊಸ ಕಮಿಟ್ ಹಾಕುತ್ತಾರೆ, ಅದೇ ರಿವರ್ಟ್. ಮೂಲ ಕೋಡ್ ಮುಟ್ಟದೆ ಪಕ್ಕದಲ್ಲಿ ಕೆಲಸ ಮಾಡಲು ಬ್ರಾಂಚ್, ಅದನ್ನು ಮೂಲಕ್ಕೆ ಸೇರಿಸಲು ಮರ್ಜ್.

ಮರ್ಜ್ ಆದ ತಕ್ಷಣ ಗ್ರಾಹಕರ ಕೈಗೆ ಬಂದೇಬಿಟ್ಟಿತು ಅಂದುಕೊಳ್ಳಬೇಡಿ. ಎಷ್ಟೋ ತಂಡಗಳಲ್ಲಿ ಡಿಪ್ಲಾಯ್, ಅಂದರೆ ಕೋಡನ್ನು ಗ್ರಾಹಕರ ಬಳಕೆಗೆ ಬಿಡುವುದು, ಬೇರೆ ಹೆಜ್ಜೆ. ಇದು ಗೊತ್ತಿಲ್ಲದೆ ನಾನೊಮ್ಮೆ ಗ್ರಾಹಕರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಆಮೇಲೆ ಎರಡು ದಿನ ಅವರಿಗೆ ಸಮಾಧಾನ ಹೇಳಬೇಕಾಯಿತು.

ಬರುವವರು ಇಲ್ಲೇ ಹೆಸರು ಹಾಕಿ. ಲ್ಯಾಪ್‌ಟಾಪ್ ತನ್ನಿ.